ಮನೆಯ ಕಂಪ್ಯೂಟರಿಗೆ ಹೊರಗಿನ ಹಾರ್ಡ್ ಡಿಸ್ಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮದುವೆಯ ಹಂಗಾಮು ಮುಗಿಯಿತೆಂದರೆ ಈ ಅಂಕಣಕ್ಕೆ ಹಾರ್ಡ್ ಡಿಸ್ಕ್ ಕುರಿತ ಪತ್ರಗಳು ಹೆಚ್ಚುತ್ತವೆ. ಸ್ಟುಡಿಯೋದವರು ಕೊಟ್ಟ ವಿಡಿಯೋಗಳನ್ನು ಹಾಕಿಡಲು ಮನೆಯ ಕಂಪ್ಯೂಟರಿನಲ್ಲಿ ಜಾಗವಿರುವುದಿಲ್ಲ ಎಂಬುದೇ ಬಹುಪಾಲು ಪತ್ರಗಳ ಹಿಂದಿರುವ ಕಾರಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳ ಮದುವೆಯ ಫೋಟೊ ಮತ್ತು ವಿಡಿಯೋ ಸೇರಿ 180 ಜಿಬಿ ಆಗಿದೆ. ಹದಿನೈದು ವರ್ಷಗಳ ಕುಟುಂಬದ ಚಿತ್ರಗಳು ಸುಮಾರು 250 ಜಿಬಿ ಇವೆ. ಕಂಪ್ಯೂಟರಿನ 500 ಜಿಬಿ ಡಿಸ್ಕ್ ತುಂಬಿಹೋಗಿದೆ. ಒಂದು ಜಿಬಿಗೆ ಬೀಳುವ ಬೆಲೆ ನೋಡಿದರೆ 4 ಟಿಬಿಯದೇ (ಸುಮಾರು ನಾಲ್ಕು ಸಾವಿರ ಜಿಬಿ) ಅಗ್ಗ, ಅದನ್ನೇ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಮಗ ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಮಾಹಿತಿ ಇಡುವ ಬಗೆಯ ಡಿಸ್ಕು) ತೆಗೆದುಕೊಳ್ಳಿ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಅಂಗಡಿಯವರ ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಜಾಗದ ಲೆಕ್ಕ, ತಮಗೆ ಬೇಕಾಗಿರುವುದು ಜೋಪಾನದ ಲೆಕ್ಕ. ತಮ್ಮಲ್ಲಿ ಈಗ ಇರುವುದು 430 ಜಿಬಿ. ಫೋನಿನಲ್ಲಿ ತೆಗೆದ ಒಂದು ಫೋಟೊ ಸಾಮಾನ್ಯವಾಗಿ ಮೂರರಿಂದ ಐದು ಎಂಬಿ ಇರುತ್ತದೆ. ಸಾಧಾರಣ ಗುಣಮಟ್ಟದ ಒಂದು ನಿಮಿಷದ ವಿಡಿಯೋ ಹೆಚ್ಚುಕಡಿಮೆ ನೂರು ಎಂಬಿ ಆಗುತ್ತದೆ. ವರ್ಷಕ್ಕೆ ಮೂರು ಸಾವಿರ ಫೋಟೊ ಮತ್ತು ಐದು ಗಂಟೆಯ ವಿಡಿಯೋ ತೆಗೆದರೂ ಅದು 45 ಜಿಬಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಇನ್ನು ಹತ್ತು ವರ್ಷ ಇದೇ ರೀತಿ ಕೂಡಿಸುತ್ತಾ ಹೋದರೂ 1 ಟಿಬಿ ಸಾಲುತ್ತದೆ. ಮೊಮ್ಮಕ್ಕಳ ವಿಡಿಯೋ ಹೆಚ್ಚಾಗಬಹುದೆಂದು ಅನಿಸಿದರೆ 2 ಟಿಬಿ ಧಾರಾಳವಾಯಿತು. ಆದ್ದರಿಂದ ಒಂದು ದೊಡ್ಡ ಡಿಸ್ಕಿನ ಬದಲು 1 ಟಿಬಿಯ ಅಥವಾ 2 ಟಿಬಿಯ ಎರಡು ಡಿಸ್ಕುಗಳನ್ನು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವನ್ನು, ಕೊಂಡು ಎರಡರಲ್ಲಿಯೂ ಅವೇ ಚಿತ್ರಗಳನ್ನು ಇಡಿ. ಜಿಬಿಯ ಲೆಕ್ಕದಲ್ಲಿ ಇದು ದುಬಾರಿಯೇ, ಆದರೂ ಈ ಒಂದು ವಿಷಯದಲ್ಲಿ ನಾನು ಎಂದೂ ರಾಜಿಯಾಗುವುದಿಲ್ಲ.

ಕಾರಣ ಹೇಳುತ್ತೇನೆ. ಹೊರಗಿನ ಡಿಸ್ಕ್ ಕೊಂಡವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅದಕ್ಕೆ ಸಾಗಿಸಿ, ಕಂಪ್ಯೂಟರಿನಲ್ಲಿದ್ದ ಮೂಲವನ್ನು ಅಳಿಸಿಬಿಡುವುದು. ಬಳಿಕ ‘ಬ್ಯಾಕಪ್ ಆಯಿತು’ ಎಂದು ನಿಶ್ಚಿಂತರಾಗುತ್ತಾರೆ. ಕೊಬ್ಬರಿಯನ್ನು ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಪೇರಿಸಿದರೆ ಕೊಬ್ಬರಿ ಎರಡು ಪಟ್ಟಾಗುವುದಿಲ್ಲವೆಂದು ತಿಪಟೂರಿನವರಿಗೆ ನಾನು ಹೇಳಬೇಕಿಲ್ಲ. ಒಂದೇ ಪ್ರತಿ ಎಲ್ಲಿದ್ದರೂ ಒಂದೇ ಪ್ರತಿ; ಅದೂ ಕೈತಪ್ಪಿ ಬೀಳಬಹುದಾದ, ಕಳುವಾಗಬಹುದಾದ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಅದು ಕುಳಿತಿರುತ್ತದೆ.

ಇನ್ನು ತಮ್ಮ ಮಗನ ಮಾತು. ಹಾರ್ಡ್ ಡಿಸ್ಕಿನ ಒಳಗೆ ನುಣುಪಾದ ತಟ್ಟೆಗಳಿವೆ. ಹೊರಗಿನ ಡಿಸ್ಕುಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಮತ್ತು ಬರೆಯುವ ಹೆಡ್ಡು ತಟ್ಟೆಯನ್ನು ಮುಟ್ಟದೆ, ಅದರಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಎಪ್ಪತ್ತು ಎಂಬತ್ತು ಸಾವಿರ ನ್ಯಾನೊಮೀಟರ್ ಎಂಬುದನ್ನು ನೆನೆದರೆ, ತಿರುಗುತ್ತಿರುವ ಡಿಸ್ಕು ಮೇಜಿನಿಂದ ಬಿದ್ದಾಗ ಒಳಗೆ ಏನಾಗಬಹುದೆಂದು ಊಹಿಸಬಹುದು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಅದು ಬಿದ್ದರೆ ಅಷ್ಟು ಸುಲಭವಾಗಿ ಕೆಡುವುದಿಲ್ಲ, ವೇಗವೂ ಹಲವು ಪಟ್ಟು ಹೆಚ್ಚು. ಆದರೆ ಅದು ಮಾಹಿತಿಯನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಬೀರುವಿನಲ್ಲಿ ಬಿದ್ದಿದ್ದರೆ, ಅದರಲ್ಲೂ ಸೆಕೆ ಇರುವ ಕಡೆ, ಆ ವಿದ್ಯುದಂಶ ನಿಧಾನವಾಗಿ ಸೋರುತ್ತದೆ. ದಿನವೂ ಚೀಲದಲ್ಲಿಟ್ಟುಕೊಂಡು ಓಡಾಡುವವರಿಗೆ ಎಸ್‌ಎಸ್‌ಡಿ ಒಳ್ಳೆಯದು. ತಮ್ಮ ಹಾಗೆ ತುಂಬಿಸಿ ಎತ್ತಿಡುವವರಿಗೆ, ವರ್ಷಕ್ಕೆ ಎರಡು ಸಲ ತೆಗೆದು ನೋಡುವವರಿಗೆ, ಅಗ್ಗದ ಹಾರ್ಡ್ ಡಿಸ್ಕೇ ಸಾಕು.

ಕೊಳ್ಳುವಾಗ 2.5 ಇಂಚಿನದನ್ನೇ ಕೇಳಿ. ಅದಕ್ಕೆ ಬೇಕಾದ ಕರೆಂಟು ಯುಎಸ್‌ಬಿ ಕೇಬಲಿನಲ್ಲೇ ಬರುತ್ತದೆ. 3.5 ಇಂಚಿನ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಅದು ಕೆಲಸದ ನಡುವೆಯೇ ನಿಲ್ಲುತ್ತದೆ. ಎರಡು ಅಥವಾ ಮೂರು ವರ್ಷದ ವಾರಂಟಿ ಇರುತ್ತದೆ, ಬಿಲ್ಲು ಕೇಳಿ ಪಡೆಯಿರಿ. ಆದರೆ ವಾರಂಟಿಯಲ್ಲಿ ಹೊಸ ಡಿಸ್ಕು ಬರುತ್ತದೆಯೇ ಹೊರತು ಒಳಗಿದ್ದ ಮದುವೆಯ ವಿಡಿಯೋ ಬರುವುದಿಲ್ಲ.

ಪ್ರಶ್ನೆ: 1 ಟಿಬಿ ಎಂದು ಹಣ ಕೊಟ್ಟು ತಂದ ಡಿಸ್ಕು ಕಂಪ್ಯೂಟರಿನಲ್ಲಿ 931 ಜಿಬಿ ಮಾತ್ರ ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೆ? ನನ್ನ ಗೆಳೆಯ ಆನ್‌ಲೈನಿನಲ್ಲಿ ಇದಕ್ಕಿಂತ ಕಡಿಮೆ ಬೆಲೆಗೆ 16 ಟಿಬಿಯ ಎಸ್‌ಎಸ್‌ಡಿ ತರಿಸಿದ್ದಾನೆ.
– ಬಿ.ಕಾಂ. ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ನಿಮ್ಮ ಅಂಗಡಿಯವರು ಪ್ರಾಮಾಣಿಕರು, ಮೋಸ ಹೋಗಿರುವುದು ನಿಮ್ಮ ಗೆಳೆಯ. ತಯಾರಕರು 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟು ಎಂದು ಎಣಿಸುತ್ತಾರೆ. ವಿಂಡೋಸ್ ಸಾವಿರದ ಬದಲು 1024ರ ಮಗ್ಗಿಯಲ್ಲಿ ಎಣಿಸುವುದರಿಂದ ಅದರ ಒಂದು ಜಿಬಿಯಲ್ಲಿ 107 ಕೋಟಿಗೂ ಹೆಚ್ಚು ಬೈಟುಗಳಿರುತ್ತವೆ. ಲಕ್ಷ ಕೋಟಿಯನ್ನು ಇದರಿಂದ ಭಾಗಿಸಿ ನೋಡಿ, 931 ಬರುತ್ತದೆ. ಅಂಗಡಿಯಲ್ಲಿ ಕಿಲೋದಲ್ಲಿ ತೂಗಿಸಿ ತಂದ ರಾಗಿಯನ್ನು ಮನೆಯಲ್ಲಿ ಸೇರಿನಲ್ಲಿ ಅಳೆದ ಹಾಗೆ. ರಾಗಿ ಅಷ್ಟೇ ಇದೆ, ಅಂಕಿ ಬೇರೆಯಾಗಿದೆ. ಆಪಲ್ ಕಂಪನಿಯವರು 2009ರಿಂದ ತಮ್ಮ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕವನ್ನೇ ಬಳಸುತ್ತಿರುವುದರಿಂದ ಅಲ್ಲಿ ಇದೇ ಡಿಸ್ಕು ಪೂರ್ತಿ 1 ಟಿಬಿ ಎಂದು ಕಾಣುತ್ತದೆ. ಅಂದಹಾಗೆ, 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಐವತ್ತು ತಟ್ಟೆಗಳಿದ್ದವು, ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ. ನಿಮ್ಮ ಫೋನಿನ ಒಂದು ಫೋಟೊಗೆ ಅದು ತುಂಬಿಹೋಗುತ್ತಿತ್ತು!

ಗೆಳೆಯನ ಡಿಸ್ಕಿನ ವಿಷಯ ಹೀಗಿದೆ. ಅಷ್ಟು ಕಡಿಮೆ ಬೆಲೆಗೆ ಅಷ್ಟು ಸಾಮರ್ಥ್ಯ ಸಿಗಲು ಸಾಧ್ಯವೇ ಇಲ್ಲ. ಇಂಥ ಪೆಟ್ಟಿಗೆಗಳನ್ನು ಬಿಚ್ಚಿದಾಗ ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡು ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಅದರ ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಆದ್ದರಿಂದ ಕಂಪ್ಯೂಟರಿಗೆ 16 ಟಿಬಿ ಎಂದೇ ಕಾಣುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಆಗುತ್ತಿರುವಂತೆ ತೋರಿಸುತ್ತದೆ, ಆದರೆ ಬರೆದದ್ದು ಉಳಿಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ಮತ್ತೆ ಓದಿ ಹೋಲಿಸುತ್ತದೆ. ಹಣ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಅದನ್ನು ಒಮ್ಮೆ ಓಡಿಸಿ ನೋಡಲು ಹೇಳಿ. ಅಸಲಿ ಡಿಸ್ಕಿಗೂ ಮೊದಲ ದಿನ ಈ ಪರೀಕ್ಷೆ ಮಾಡುವುದರಿಂದ ನಷ್ಟವೇನಿಲ್ಲ.

ಪ್ರಶ್ನೆ: ಡಿಸ್ಕಿನಲ್ಲಿ 300 ಜಿಬಿ ಖಾಲಿ ಇದ್ದರೂ 6 ಜಿಬಿಯ ಒಂದು ವಿಡಿಯೋ ಕಾಪಿ ಮಾಡಲು ಹೋದರೆ, ಕಡತ ತುಂಬ ದೊಡ್ಡದಾಯಿತು ಎಂಬ ಸಂದೇಶ ಬರುತ್ತದೆ. ಏಕೆ?
– ಓದುಗರು, ಶಿರಾ

ಉತ್ತರ: ತಮ್ಮ ಡಿಸ್ಕು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದೆ, ಅಂದರೆ ಕಡತಗಳನ್ನು ಆ ಪದ್ಧತಿಯಲ್ಲಿ ಜೋಡಿಸಿಡುವಂತೆ ಸಿದ್ಧವಾಗಿದೆ. ಜಾಗ ಎಷ್ಟೇ ಇದ್ದರೂ 4 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಡತವನ್ನು ಅದು ಸ್ವೀಕರಿಸುವುದಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್ ಆರಿಸಿ. ಅಕಸ್ಮಾತ್ ನಡುವೆ ಕರೆಂಟು ಹೋದರೆ ಚೇತರಿಸಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಮನೆಯಲ್ಲಿ ಮ್ಯಾಕ್ ಕಂಪ್ಯೂಟರೂ ಇದ್ದರೆ ಎಕ್ಸ್‌ಫ್ಯಾಟ್ ಇರಲಿ. ಏಕೆಂದರೆ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಬೇರೆ ತಂತ್ರಾಂಶದ ನೆರವಿಲ್ಲದೆ ಅದಕ್ಕೆ ಬರೆಯುವುದಿಲ್ಲ. ಟಿವಿಗೆ ಸಿಕ್ಕಿಸುವ ಉದ್ದೇಶವಿದ್ದರೆ ಆ ಟಿವಿಯ ಕೈಪಿಡಿಯಲ್ಲಿ ಯಾವುದನ್ನು ಓದುತ್ತದೆಂದು ನೋಡಿಕೊಳ್ಳಿ. ಫಾರ್ಮ್ಯಾಟ್ ಬದಲಾಯಿಸುವಾಗ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲು ಅದನ್ನು ಬೇರೆಡೆಗೆ ಕಾಪಿ ಮಾಡಿಕೊಳ್ಳಬೇಕು. ಕಾರ್ಯಕ್ರಮ ರೆಕಾರ್ಡ್ ಮಾಡುವ ಸೌಲಭ್ಯವಿರುವ ಕೆಲವು ಟಿವಿಗಳು ಸಿಕ್ಕಿಸಿದ ಡಿಸ್ಕನ್ನು ತಮ್ಮ ಪದ್ಧತಿಗೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತವೆ; ರಿಮೋಟು ಮಕ್ಕಳ ಕೈಯಲ್ಲಿದ್ದಾಗ ಇದು ನೆನಪಿರಲಿ.

ಪ್ರಶ್ನೆ: ಹೊಸ ಡಿಸ್ಕಿಗೆ 100 ಜಿಬಿ ತುಂಬಿಸಲು ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಿತು. ನಮ್ಮದು ಎಂಟು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರು. ಡಿಸ್ಕಿನ ದೋಷವೇ?
– ಸರ್ಕಾರಿ ನೌಕರರು, ಕೋಲಾರ

ಉತ್ತರ: ದೋಷ ಡಿಸ್ಕಿನದಾಗಿರಲಾರದು. ತಾವು ಸಿಪಿಯು ಪೆಟ್ಟಿಗೆಯ ಮುಂಭಾಗದ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿರಬೇಕು. ಅಲ್ಲಿ ಸೆಕೆಂಡಿಗೆ ಮೂವತ್ತು ನಲವತ್ತು ಎಂಬಿ ದಾಟುವುದು ಕಷ್ಟ. ಹಿಂಭಾಗದಲ್ಲಿ ಒಳನಾಲಗೆ ನೀಲಿಯಾಗಿರುವ ಪೋರ್ಟು ಇದ್ದರೆ ಅದು ಸಾಮಾನ್ಯವಾಗಿ ಯುಎಸ್‌ಬಿ 3. ಅಲ್ಲಿ ಇದೇ ಡಿಸ್ಕು ಸೆಕೆಂಡಿಗೆ ನೂರು ಎಂಬಿಗೂ ಹೆಚ್ಚು ವೇಗದಲ್ಲಿ ಬರೆಯಬಲ್ಲದು, ದೊಡ್ಡ ಕಡತಗಳಾದರೆ ನೂರು ಜಿಬಿ ಕಾಲು ಗಂಟೆಯ ಕೆಲಸ. ಕೇಬಲನ್ನೂ ಗಮನಿಸಿ. ಡಿಸ್ಕಿನ ಕಡೆ ಎರಡು ಭಾಗಗಳಾಗಿ ಅಗಲವಾಗಿರುವ ಪೋರ್ಟಿನ ಒಂದು ಭಾಗಕ್ಕೆ ಹಳೆಯ ಫೋನಿನ ಚಾರ್ಜರ್ ಕೇಬಲೂ ಸರಿಯಾಗಿ ಕೂರುತ್ತದೆ, ಡಿಸ್ಕು ಕೆಲಸವನ್ನೂ ಮಾಡುತ್ತದೆ, ಆದರೆ ಹಳೆಯ ವೇಗದಲ್ಲಿ ಮಾತ್ರ.

ಸಾವಿರಾರು ಚಿಕ್ಕ ಕಡತಗಳಿದ್ದರೆ ನಿಧಾನವಾಗುವುದು ಸಹಜ. ಇನ್ನೊಂದು ಸಂಗತಿಯೂ ಇದೆ. ಈಚಿನ 2.5 ಇಂಚಿನ ಡಿಸ್ಕುಗಳಲ್ಲಿ ಅನೇಕವು ಕಡಿಮೆ ಜಾಗದಲ್ಲಿ ಹೆಚ್ಚು ತುಂಬಿಸುವ ಸಲುವಾಗಿ, ಮಾಡಿನ ಹೆಂಚುಗಳಂತೆ, ಒಂದು ಗೆರೆಯ ಅಂಚಿನ ಮೇಲೆ ಮತ್ತೊಂದು ಗೆರೆ ಬರುವ ಹಾಗೆ ಬರೆಯುತ್ತವೆ. ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನವನ್ನು ಎತ್ತಿ ಮತ್ತೆ ಕೂರಿಸಬೇಕಾಗುವಂತೆ, ಅಳಿಸಿ ಬರೆಯುವ ಕೆಲಸ ಹೆಚ್ಚಾದಾಗ ಇಂಥ ಡಿಸ್ಕುಗಳು ಏದುಸಿರು ಬಿಡುತ್ತವೆ. ಚಿತ್ರಗಳನ್ನು ಒಮ್ಮೆ ತುಂಬಿಸಿ ಇಡುವವರಿಗೆ ಇದರಿಂದ ತೊಂದರೆಯಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು. ಅವರ ವಿಡಿಯೋಗಳಿರುವ ಡಿಸ್ಕು ಈಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ, ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಬಿಚ್ಚಿ ನೋಡುತ್ತೇನೆ ಎಂದು ರಿಪೇರಿ ಅಂಗಡಿಯವರು ಹೇಳುತ್ತಾರೆ.
– ಗೃಹಿಣಿ, ಮುಳಬಾಗಿಲು

ಉತ್ತರ: ಅಮ್ಮಾ, ಫ್ರಿಜ್ಜಿನಲ್ಲಿ ಇಡಬೇಡಿ, ಯಾರಿಗೂ ಬಿಚ್ಚಲು ಬಿಡಬೇಡಿ. ಮೊದಲು ಒಂದೇ ಒಂದು ಸಲ ಹೀಗೆ ಮಾಡಿ ನೋಡಿ: ಬೇರೆ ಒಳ್ಳೆಯ ಗಿಡ್ಡ ಕೇಬಲಿನಿಂದ, ನಡುವೆ ಹಬ್ಬು ಅಥವಾ ಎಕ್ಸ್‌ಟೆನ್ಷನ್ ಇಲ್ಲದೆ, ಬೇರೊಂದು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿ. ಕರೆಂಟು ಸಾಲದಿದ್ದಾಗಲೂ ಡಿಸ್ಕು ತಿರುಗಲು ಹೆಣಗಿ ಟಿಕ್ ಎನ್ನುವುದುಂಟು. ಹಾಗಿದ್ದರೆ ತಮ್ಮ ಅದೃಷ್ಟ. ಡಿಸ್ಕು ಕಂಡರೆ ಬೇರೇನನ್ನೂ ಮಾಡದೆ ಮೊದಲು ತಂದೆಯವರ ವಿಡಿಯೋಗಳನ್ನು ಕಾಪಿ ಮಾಡಿಕೊಳ್ಳಿ. ಆಗಲೂ ಅದೇ ಸದ್ದು ಬಂದರೆ ತಕ್ಷಣ ತೆಗೆದುಬಿಡಿ. ಹೆಡ್ಡು ತನ್ನ ಜಾಗ ಹುಡುಕಲಾಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವ ಸದ್ದು ಅದು. ಹಾಗೆಯೇ ಓಡಿಸಿದಷ್ಟೂ ತಟ್ಟೆಯ ಮೇಲ್ಮೈ ಗೀಚಿಹೋಗುವ ಅಪಾಯವಿದೆ. ಗೀಚಿಹೋದ ಭಾಗದಲ್ಲಿ ಇದ್ದದ್ದನ್ನು ಯಾವ ಪ್ರಯೋಗಾಲಯವೂ ಮರಳಿ ಕೊಡಲಾರದು. ಫ್ರಿಜ್ಜಿನಿಂದ ಹೊರತೆಗೆದಾಗ ಒಳಗೆ ನೀರಹನಿ ಕಟ್ಟುತ್ತದೆ. ಸಾಮಾನ್ಯ ಕೋಣೆಯಲ್ಲಿ ಮುಚ್ಚಳ ತೆರೆದರೆ ಗಾಳಿಯಲ್ಲಿರುವ ಧೂಳಿನ ಒಂದು ಕಣವೇ ಹೆಡ್ಡು ಮತ್ತು ತಟ್ಟೆಯ ನಡುವಿನ ಸಂದಿಗಿಂತ ಎಷ್ಟೋ ಪಟ್ಟು ದೊಡ್ಡದು. ಹೊರಕವಚ ತೆಗೆದು ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸುತ್ತೇನೆ ಎನ್ನುವವರೂ ಇದ್ದಾರೆ. ಈಗಿನ ಹಲವು ಪುಟ್ಟ ಡಿಸ್ಕುಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುವುದರಿಂದ ಅದೂ ಸಾಗುವುದಿಲ್ಲ.

ಧೂಳುರಹಿತ ಕೊಠಡಿಯಲ್ಲಿ ಹೆಡ್ಡು ಬದಲಿಸಿ ಮಾಹಿತಿ ತೆಗೆದುಕೊಡುವ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ಖರ್ಚು ಡಿಸ್ಕಿನ ಬೆಲೆಗಿಂತ ಹಲವು ಪಟ್ಟು ಆಗುತ್ತದೆ. ಪರೀಕ್ಷಾ ಶುಲ್ಕವೆಷ್ಟು, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಆ ವಿಡಿಯೋಗಳಲ್ಲಿ ಕೆಲವನ್ನು ಬಂಧುಗಳಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದರೆ ಅವರ ಫೋನುಗಳಲ್ಲಿ ಹುಡುಕಿಸಿ; ಗುಣಮಟ್ಟ ಇಳಿದಿದ್ದರೂ ದನಿ, ಮುಖ ಎರಡೂ ಸಿಗುತ್ತವೆ. ಹಣ ಖರ್ಚು ಮಾಡುವ ಮೊದಲು ಈ ಕೆಲಸ ಆಗಲಿ.

ಸದ್ದಿಲ್ಲದೆ, ಡಿಸ್ಕು ಕಾಣುತ್ತಿದ್ದು, ಕಡತಗಳನ್ನು ಮಾತ್ರ ಕೈತಪ್ಪಿ ಅಳಿಸಿದವರ ಸ್ಥಿತಿ ಬೇರೆ. ಅವರು ಆ ಡಿಸ್ಕಿಗೆ ಮತ್ತೇನನ್ನೂ ಬರೆಯದೆ ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿಕೊಳ್ಳಬೇಕು. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡವೆನ್ನಿ.

ಪ್ರಶ್ನೆ: ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಡಬಹುದೇ? ತೆಗೆಯುವಾಗ ‘ಇಜೆಕ್ಟ್’ (ಡಿಸ್ಕನ್ನು ಕಳಚುತ್ತೇನೆಂದು ಕಂಪ್ಯೂಟರಿಗೆ ಮೊದಲೇ ತಿಳಿಸುವ ಆದೇಶ) ಮಾಡಲೇಬೇಕೇ? ಜಮೀನಿನ ಪತ್ರಗಳನ್ನು ಸ್ಕ್ಯಾನ್ ಮಾಡಿ ಅದರಲ್ಲಿ ಇಟ್ಟಿದ್ದೇನೆ.
– ರೈತರು, ಗೌರಿಬಿದನೂರು

ಉತ್ತರ: ಸಿಕ್ಕಿಸಿಯೇ ಇಡಬೇಡಿ. ಸಿಡಿಲಿಗೋ ವೋಲ್ಟೇಜಿನ ಏರಿಳಿತಕ್ಕೋ ಕಂಪ್ಯೂಟರು ಸುಟ್ಟರೆ ಜೊತೆಗಿರುವ ಡಿಸ್ಕೂ ಸುಡಬಹುದು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶಗಳು ಜೋಡಿಸಿರುವ ಹೊರಗಿನ ಡಿಸ್ಕುಗಳನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ಹಲವಾರು ದೇಶಗಳ ಕಂಪ್ಯೂಟರುಗಳನ್ನು ಕೆಡಿಸಿದ ವನ್ನಾಕ್ರೈ ಈ ಜಾತಿಯದು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸಿಕ್ಕಿಸಿ, ಹೊಸದನ್ನು ಕಾಪಿ ಮಾಡಿ, ತೆಗೆದು ಬೀರುವಿನಲ್ಲಿಡಿ.

ಇಜೆಕ್ಟ್ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಬಸ್ಸಿಗೆ ತಡವಾಯಿತೆಂದು, ಕಾಪಿ ಮುಗಿದ ಸಂದೇಶ ಬಂದೊಡನೆ ಕೇಬಲ್ ಕಿತ್ತು ಚೀಲಕ್ಕೆ ಹಾಕಿಕೊಂಡು ಹೊರಟೆ. ಊರಿಗೆ ಹೋಗಿ ತೆರೆದರೆ ಫೋಲ್ಡರಿನಲ್ಲಿ ಕಡತಗಳ ಹೆಸರುಗಳು ಇದ್ದವು, ಒಂದೂ ತೆರೆಯಲಿಲ್ಲ. ಪರದೆಯ ಮೇಲೆ ಮುಗಿಯಿತೆಂದು ಬಂದರೂ ಕೊನೆಯ ಭಾಗ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಇತ್ತು. ವಿಂಡೋಸ್ 10ರಲ್ಲಿ 2018ರ ಆವೃತ್ತಿಯಿಂದ ಈ ಅಪಾಯ ಕಡಿಮೆಯಾಗುವ ಹಾಗೆ ಮೂಲ ವ್ಯವಸ್ಥೆಯನ್ನೇ ಬದಲಿಸಿದ್ದಾರೆ. ಆದರೂ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ನಿಂತು ಹೆಡ್ಡು ಪಕ್ಕಕ್ಕೆ ಸರಿಯಲು ಸಮಯ ಬೇಕು. ಇಜೆಕ್ಟ್ ಮಾಡಿ ಹತ್ತು ಸೆಕೆಂಡು ಕಾದು ತೆಗೆಯುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಕಾಪಿ ಮಾಡಿದ ಮೇಲೆ ನಾಲ್ಕಾರು ಕಡತಗಳನ್ನು ಡಿಸ್ಕಿನಿಂದಲೇ ತೆರೆದು ನೋಡುವುದನ್ನೂ ಅಂದೇ ಕಲಿತೆ.

ಪಹಣಿ, ಕ್ರಯಪತ್ರ, ಆಧಾರ್ ಇಂಥವುಗಳ ಪ್ರತಿಗಳಿದ್ದರೆ ಡಿಸ್ಕು ಕಳುವಾದಾಗ ಅವು ಪರರ ಪಾಲಾಗುತ್ತವೆ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಎಂಬ ಬೀಗವಿದೆ. ಹೋಮ್ ಆವೃತ್ತಿಯವರು ಉಚಿತವಾದ ವೆರಾಕ್ರಿಪ್ಟ್ ಬಳಸಬಹುದು. ಪಾಸ್‌ವರ್ಡ್ ಮರೆತರೆ ಮಾತ್ರ ತಮಗೂ ಒಳಗೆ ಪ್ರವೇಶವಿಲ್ಲ. ಆದ್ದರಿಂದ ಅದನ್ನು ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೂ ತಿಳಿಸಿರಿ. ಎರಡನೆಯ ಡಿಸ್ಕನ್ನು ಅದೇ ಬೀರುವಿನಲ್ಲಿಟ್ಟರೆ ಕಳ್ಳನಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಅದು ಬೇರೆ ಊರಿನಲ್ಲಿರುವ ತಮ್ಮನ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ಹಬ್ಬಕ್ಕೆ ಹೋಗುವಾಗ ಹೊಸದಾಗಿ ತುಂಬಿಸಿದ ಡಿಸ್ಕನ್ನು ಕೊಂಡೊಯ್ದು, ಅಲ್ಲಿದ್ದುದನ್ನು ತಂದು ತುಂಬಿಸಿದರಾಯಿತು. ಹಾಗೆ ತಂದಾಗಲೆಲ್ಲ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡಿ. ನೀಲಿ ಇದ್ದದ್ದು ಹಳದಿಗೆ ತಿರುಗಿದ್ದರೆ ಆ ಡಿಸ್ಕಿನ ಮೇಲೆ ಭರವಸೆ ಬಿಟ್ಟು ಬದಲಿ ತನ್ನಿ. ನೀಲಿ ಇದ್ದ ಮಾತ್ರಕ್ಕೆ ನಾಳೆ ಕೆಡುವುದಿಲ್ಲವೆಂಬ ಖಾತ್ರಿ ಇಲ್ಲ.

ಪ್ರಶ್ನೆ: ಕಂಪ್ಯೂಟರ್ ಇಲ್ಲದೆ ಫೋನಿನಿಂದಲೇ ನೇರವಾಗಿ ಡಿಸ್ಕಿಗೆ ಫೋಟೊ ಕಳುಹಿಸಬಹುದೇ?
– ಓದುಗರು, ಮಧುಗಿರಿ

ಉತ್ತರ: ಒಟಿಜಿ (ಫೋನಿಗೆ ನೇರವಾಗಿ ಡಿಸ್ಕು ಸಿಕ್ಕಿಸುವ) ಸೌಲಭ್ಯವಿರುವ ಆಂಡ್ರಾಯ್ಡ್ ಫೋನಾದರೆ ಸಾಧ್ಯ, ಆದರೆ ಎರಡು ತೊಡಕುಗಳಿವೆ. ತಿರುಗುವ ಡಿಸ್ಕಿಗೆ ಬೇಕಾದಷ್ಟು ಕರೆಂಟು ಕೊಡಲು ಹಲವು ಫೋನುಗಳಿಗೆ ಶಕ್ತಿ ಸಾಲದು, ಎನ್‌ಟಿಎಫ್‌ಎಸ್ ಪದ್ಧತಿಯ ಡಿಸ್ಕನ್ನು ಹಲವು ಫೋನುಗಳು ಓದುವುದಿಲ್ಲ. ಈ ಬಳಕೆಗೆ ಎಕ್ಸ್‌ಫ್ಯಾಟ್ ಇರುವ ಚಿಕ್ಕ ಎಸ್‌ಎಸ್‌ಡಿ ಹೆಚ್ಚು ಅನುಕೂಲ. ಕೊಳ್ಳುವ ಮೊದಲು ಅಂಗಡಿಯಲ್ಲೇ ತಮ್ಮ ಫೋನಿಗೆ ಸಿಕ್ಕಿಸಿ ನೋಡಿ.

ಪ್ರಶ್ನೆ: ಹಳೆಯ ಡಿಸ್ಕನ್ನು ಗುಜರಿಗೆ ಹಾಕುವ ಮೊದಲು ಫಾರ್ಮ್ಯಾಟ್ ಮಾಡಿದರೆ ಸಾಕೇ?
– ಓದುಗರು, ಬಂಗಾರಪೇಟೆ

ಉತ್ತರ: ‘ಕ್ವಿಕ್ ಫಾರ್ಮ್ಯಾಟ್’ ಸಾಲದು, ಅದು ಪುಸ್ತಕದ ಪರಿವಿಡಿಯನ್ನು ಹರಿದುಹಾಕುತ್ತದೆ, ಪುಟಗಳು ಹಾಗೆಯೇ ಇರುತ್ತವೆ. ತಿರುಗುವ ಡಿಸ್ಕಾದರೆ ‘ಕ್ವಿಕ್ ಫಾರ್ಮ್ಯಾಟ್’ ಎಂಬುದರ ಪಕ್ಕದ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಆರಿಸಿ. ಈಗಿನ ವಿಂಡೋಸ್ ಆಗ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಕೆಲವು ಗಂಟೆ ಹಿಡಿಯುವುದರಿಂದ ರಾತ್ರಿ ಹಚ್ಚಿ ಮಲಗಬಹುದು. ಕೆಟ್ಟು ಓಡದೇ ಇರುವ ಡಿಸ್ಕಾದರೆ ಗುಜರಿಯವರ ಬದಲು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕೊಡುವ ಮೊದಲು ಅಂಗಳದಲ್ಲಿ ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ತಟ್ಟೆ ಪುಡಿಯಾಗುವಂತೆ ನಾಲ್ಕು ಏಟು ಹಾಕಿ. ಕೆಲವು ಡಿಸ್ಕುಗಳ ತಟ್ಟೆ ಗಾಜಿನದಾಗಿರುವುದರಿಂದ ಚೀಲವನ್ನು ಬಿಚ್ಚದೆಯೇ ಕೊಡಿ.